ತೊಡೆಸಂದಿನ ಗಂಟು

ನಾನು ಅಂಜುಬುರುಕ ಮನುಷ್ಯ. ಮೂವತ್ತು ವರ್ಷ ಸರ್ಕಾರಿ ದವಾಖಾನೆಗಳಲ್ಲಿ ದುಡಿದವನು ಹೀಗೆ ಹೇಳಿಕೊಳ್ಳುವುದು ಚೆಂದವಲ್ಲ. ಆದರೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಮೊದಲು ಇದನ್ನೇ ಹೇಳಬೇಕು ಅನ್ನಿಸಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ಕಡೆಗೆ ರಾಮದುರ್ಗದ ಸೀಮೆ, ಎಲ್ಲಿದ್ದರೂ ಬೆಳಿಗ್ಗೆ ಬಾಗಿಲು ತೆಗೆಯುವಾಗ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. "ಹುಲಿ ಬಂದಂಗ ಮಾಡತೀರಲ್ರಿ, ಬಂದಾಕಿ ಕೆಮ್ಮಿನ ಮುದುಕಿ" ಎಂದು ನನ್ನ ಹೆಂಡತಿ ನಗುತ್ತಿದ್ದಳು. ಕೆಮ್ಮಿನ ಮುದುಕಿಗೆ ನಾನು ಹೆದರುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಬರುವವರಿಗೆ ಹೆದರುತ್ತಿದ್ದೆ, ಅದರಲ್ಲೂ ಹರ್ನಿಯಾದವರಿಗೆ.

ಯಾಕೆ ಎಂದರೆ ಹರ್ನಿಯಾ ವರ್ಷಗಟ್ಟಲೆ ಸುಮ್ಮನಿರುತ್ತದೆ. ಹೊಟ್ಟೆಯ ಗೋಡೆಯಲ್ಲಿ ಒಂದು ಕಡೆ ಬಲ ಕಡಿಮೆ, ಅಲ್ಲಿಂದ ಕರುಳು ಹೊರಗೆ ಇಣುಕುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಒಂದು ದಿನ ಹೊರಗೆ ಬಂದದ್ದು ಒಳಗೆ ಹೋಗುವುದಿಲ್ಲ. ಅದು ಹೊರಬಂದ ಸಂದಿನ ಬಾಯಿ ಬಿಗಿದು ಕರುಳಿಗೆ ರಕ್ತ ನಿಲ್ಲುತ್ತದೆ. ಅಲ್ಲಿಂದ ಮುಂದೆ ವೈದ್ಯನ ಲೆಕ್ಕ ತಾಸುಗಳಲ್ಲಿ. ಒಂದು ಸಲ ಆ ತಾಸುಗಳಲ್ಲಿ ನಾನು ಹೆದರಿ ತಪ್ಪು ಚೀಟಿ ಬರೆದೆ, ಆಮೇಲೆ ಹೆದರಿ ಅದನ್ನು ತಿದ್ದಲಿಲ್ಲ. ಆ ಸಂಗತಿ ಹೇಳುವುದಕ್ಕೆಂದೇ ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದರಿಂದ ನಿಮಗೆ ಏನೂ ಆಗಬೇಕಾಗಿಲ್ಲ.

ಬೈಲಹೊಂಗಲದಲ್ಲಿ ನಾನು ಗೋವಿಂದರಾಯರ ಕೈಕೆಳಗೆ ಇದ್ದೆ. ನನಗಿಂತ ಹದಿನೈದು ವರ್ಷ ಹಿರಿಯರು, ಮೂಗಿನ ತುದಿಯಲ್ಲೇ ಸಿಟ್ಟು. ಅಲ್ಲಿ ಅರಳೆಯ ಪೇಟೆ ದೊಡ್ಡದು. ಅರಳೆ ತುಂಬಿದ ಅಂಡಿಗೆ ಹೊರುವ ಹಮಾಲರಲ್ಲಿ ಹರ್ನಿಯಾ ಇಲ್ಲದವನನ್ನು ಹುಡುಕಬೇಕು. ಅವರು ಅದಕ್ಕೆ ಅಂಡವಾಯು ಎನ್ನುತ್ತಿದ್ದರು, ಗಾಳಿ ಇಳಿದು ಬೀಜ ಊದಿದೆ ಎಂದು ಅವರ ತಿಳಿವಳಿಕೆ. ಗಾಳಿಯಲ್ಲ ಅದು. ಗಂಡುಕೂಸು ಬಸಿರಿನಲ್ಲಿ ಇರುವಾಗ ಬೀಜಗಳು ಹೊಟ್ಟೆಯೊಳಗೇ ಇದ್ದು, ಹುಟ್ಟುವ ಮುಂಚೆ ತೊಡೆಸಂದಿನ ಮೇಲಿನ ಒಂದು ದಾರಿಯಿಂದ ಚೀಲಕ್ಕೆ ಇಳಿಯುತ್ತವೆ. ಕೆಲವರಲ್ಲಿ ಆ ದಾರಿ ಪೂರ್ತಿ ಮುಚ್ಚುವುದಿಲ್ಲ. ಮುಂದೆ ಭಾರ ಎತ್ತಿದಾಗ, ಕೆಮ್ಮಿದಾಗ ಕರುಳು ಅದೇ ದಾರಿ ಹಿಡಿಯುತ್ತದೆ. ಮುದುಕರಲ್ಲಿ ಬೇರೆ ತರಹ. ದಾರಿಯ ಹಂಗಿಲ್ಲದೆ ಸವೆದ ಗೋಡೆಯೇ ಮುಂದಕ್ಕೆ ಉಬ್ಬುತ್ತದೆ. ಅದು ಅಗಲ ಬಾಯಿಯದು, ಸಿಕ್ಕಿಕೊಳ್ಳುವುದು ಕಡಿಮೆ. ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಎಲ್ಲಿ ಹೊಲಿಗೆ ಇದೆಯೋ ಅಲ್ಲೇ ಮೊದಲು ಸೋರುತ್ತದಲ್ಲ, ಹೊಟ್ಟೆಯೂ ಹಾಗೇ.

ಆ ಕಾಲದಲ್ಲಿ ಇದಕ್ಕೆ ಕೊಯ್ದು ಹೊಲಿಯುವುದು ಅಪರೂಪ. ಒಂದು ಪಟ್ಟಾ ಕಟ್ಟುತ್ತಿದ್ದೆವು: ಸೊಂಟದ ಸುತ್ತ ಉಕ್ಕಿನ ಪಟ್ಟಿ, ಅದರ ತುದಿಗೆ ತೊಗಲಿನ ದಿಂಡು, ಅದು ಬಾಯಿಯನ್ನು ಒತ್ತಿ ಹಿಡಿಯುತ್ತದೆ. ಮಲಗಿಸಿ ಕರುಳನ್ನು ಪೂರ್ತಿ ಒಳಗೆ ಹಾಕಿದ ಮೇಲೆ ಕಟ್ಟಬೇಕು. ಒಬ್ಬ ಹಮಾಲನಿಗೆ ನಾನು ಅವಸರದಲ್ಲಿ ನಿಂತಲ್ಲೇ ಕಟ್ಟಿ ಕಳಿಸಿದೆ. ದಿಂಡಿನ ಕೆಳಗೆ ಕರುಳು ಅಡಕತ್ತಿನಲ್ಲಿ ಸಿಕ್ಕ ಅಡಕೆಯಂತಾಗಿ ಸಂಜೆಗೆ ಅವನನ್ನು ನಾಲ್ಕು ಜನ ಹೊತ್ತುಕೊಂಡು ಬಂದರು. ನಾನು ಗಾಬರಿಯಲ್ಲಿ ಎರಡೂ ಕೈಯಿಂದ ಒತ್ತಲು ಹೋದೆ.

ಗೋವಿಂದರಾಯರು ನನ್ನ ಮಣಿಕಟ್ಟು ಹಿಡಿದು, "ಕಣಕ ನಾದಾಕ ಹತ್ತೀಯೇನು? ಹರದು ಹೋದೀತು, ಬಿಡು" ಎಂದರು.

ಅವರು ಮಂಚದ ಕಾಲ್ದೆಸೆಗೆ ಇಟ್ಟಿಗೆ ಇಡಿಸಿ ಎತ್ತರ ಮಾಡಿದರು, ಸ್ವಲ್ಪ ಅಫೀಮಿನ ಔಷಧ ಕೊಟ್ಟರು, ಬಿಸಿನೀರಿನ ಬಟ್ಟೆ ಹಾಕಿ ಸುಮ್ಮನೆ ಕುಳಿತರು. ಅರ್ಧ ತಾಸಿನ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ಹಿಸುಕಿದಾಗ ಗುಳುಗುಳು ಸಪ್ಪಳವಾಗಿ ಕರುಳು ಒಳಗೆ ಹೋಯಿತು. "ಐದು ಮಿನೀಟಿನಾಗ ಹೋಗಲಿಲ್ಲಂದ್ರ ಕೈ ತಗೀಬೇಕು, ಚಾಕು ತಗೋಬೇಕು" ಎಂದರು. ನನ್ನ ಕಣ್ಣಲ್ಲಿ ನೀರು ನೋಡಿ ಹಮಾಲನೇ ನನಗೆ ಸಮಾಧಾನ ಹೇಳಿದ. ಈಗ ಬೆಳಗಾವಿಗೆ ಹೋಗಿ ಹೊಲಿಸಿಕೊಂಡು ಬಂದವರು ಹದಿನೈದು ದಿನಕ್ಕೆ ತಿರುಗಾಡುತ್ತಾರೆ. ಪಟ್ಟಾ ಕಟ್ಟುವ ಕೈಗಳು ಕಡಿಮೆಯಾಗಿವೆ, ಒಳ್ಳೆಯದೇ ಆಯಿತು.

ಕಿತ್ತೂರಿನಲ್ಲಿ ನನ್ನ ಜಗಳವೆಲ್ಲ ಹೊಕ್ಕಳ ಹರ್ನಿಯಾದ ಮೇಲೆ. ಎಳೆಗೂಸು ಅತ್ತಾಗ ಹೊಕ್ಕಳು ಬುಗ್ಗೆಯ ಹಾಗೆ ಎದ್ದರೆ ಅಲ್ಲಿಯ ಅಜ್ಜಿಯರು ತಾಮ್ರದ ದುಡ್ಡೊಂದನ್ನು ಅರಿವೆಯಲ್ಲಿ ಸುತ್ತಿ ಹೊಕ್ಕಳ ಮೇಲೆ ಬಿಗಿಯುತ್ತಿದ್ದರು. ಬಹಳಷ್ಟು ಕೂಸುಗಳಲ್ಲಿ ಅದು ನಡೆದಾಡುವ ವಯಸ್ಸಿಗೆ ತಾನಾಗಿಯೇ ಮುಚ್ಚುತ್ತದೆ, ಹೆಸರು ಮಾತ್ರ ದುಡ್ಡಿಗೆ. ನನಗೆ ಕೆಲಸ ಕೊಡುತ್ತಿದ್ದದ್ದು ದುಡ್ಡಿನ ಕೆಳಗಿನ ಹುಣ್ಣು. "ತೊಳೆದ ಅರಿವಿ ಕಟ್ಟವ್ವ" ಎಂದರೆ ಒಬ್ಬ ಅಜ್ಜಿ, "ನಿಮ್ಮವ್ವ ನಿಮಗ ಕಟ್ಟಲಿಲ್ಲೇನು, ಅದಕ್ಕ ಹಿಂಗ ಅಂಜತೀರಿ" ಎಂದಳು. ದವಾಖಾನೆಯೆಲ್ಲ ನಕ್ಕಿತು. ಹತ್ತು ಹೆತ್ತ ದೊಡ್ಡ ಹೆಂಗಸರ ಹೊಕ್ಕಳು ಹಾಗಲ್ಲ, ಅದು ಮುಚ್ಚುವುದಿಲ್ಲ, ಸಿಕ್ಕಿಕೊಂಡರೆ ಕೊಲ್ಲುತ್ತದೆ. ಹಳೆಯ ಗಾಯದ ಕಲೆಯಲ್ಲಿ ಎದ್ದ ಹರ್ನಿಯಾವನ್ನೂ ಅಲ್ಲೇ ಕಂಡೆ.

ಸವದತ್ತಿ ತಾಲೂಕಿಗೆ ನನ್ನನ್ನು ಕಳಿಸಿದ್ದು ಪ್ಲೇಗಿನ ಕೆಲಸಕ್ಕೆ. ಜನ ಅದನ್ನು ಗಂಟಿನ ಬ್ಯಾನಿ ಎನ್ನುತ್ತಿದ್ದರು, ಯಾಕೆಂದರೆ ಜ್ವರದ ಜೊತೆಗೆ ತೊಡೆಸಂದಿನಲ್ಲೋ ಕಂಕುಳಲ್ಲೋ ಗಂಟು ಏಳುತ್ತಿತ್ತು. ಪ್ಲೇಗು ಎಂದು ನಾನು ಚೀಟಿ ಬರೆದರೆ ರೋಗಿಯನ್ನು ಊರಾಚೆಯ ಗುಡಿಸಲಿಗೆ ಹಾಕುತ್ತಿದ್ದರು. ಮನೆಯ ಮಾಳಿಗೆಗೆ ತೂತು ಹೊಡೆದು ಬಿಸಿಲು ಬಿಡುತ್ತಿದ್ದರು, ನೆಲದೊಳಗಿನ ಹಗೇವಿನ ಜೋಳ ಹೊರಗೆ ಬರುತ್ತಿತ್ತು, ಮನೆಯವರೆಲ್ಲ ಹೊಲಕ್ಕೆ. ಹೀಗಾಗಿ ತೊಡೆಸಂದಿನಲ್ಲಿ ಏನೇ ಎದ್ದರೂ ಜನ ಮುಚ್ಚಿಡುತ್ತಿದ್ದರು. ಕಾಲಿಗೆ ಮುಳ್ಳು ನೆಟ್ಟು ಬಂದ ಬಾವನ್ನೂ ಬಚ್ಚಿಡುತ್ತಿದ್ದರು.

ಇದೇ ಜಾಗದಲ್ಲಿ ಇನ್ನೊಂದು ಹರ್ನಿಯಾ ಬರುತ್ತದೆ ಎಂಬುದನ್ನು ಗಮನಿಸಿ. ಕಾಲಿನ ದೊಡ್ಡ ರಕ್ತನಾಳಗಳು ಹೊಟ್ಟೆಯಿಂದ ತೊಡೆಗೆ ಇಳಿಯುವಲ್ಲಿ, ಅವುಗಳ ಒಳಮಗ್ಗುಲಿಗೆ ಬೆರಳ ತುದಿ ಹಿಡಿಸುವಷ್ಟು ಸಂದು ಇದೆ. ಹೆಂಗಸರಿಗೆ ಸೊಂಟ ಅಗಲ, ಹೀಗಾಗಿ ಸಂದೂ ಸ್ವಲ್ಪ ಅಗಲ. ಅಲ್ಲಿಂದ ಇಳಿದ ಕರುಳು ನಿಂಬೆಕಾಯಿಗಿಂತ ದೊಡ್ಡದಾಗುವುದು ಕಡಿಮೆ. ಆದರೆ ಸಂದಿನ ಅಂಚು ಬಳೆಯಂತೆ ಗಟ್ಟಿ, ಸಿಕ್ಕಿಕೊಂಡರೆ ಬಿಡುವುದಿಲ್ಲ. ಆಕೆ ಹೊಟ್ಟೆನೋವು, ವಾಂತಿ ಎಂದಷ್ಟೇ ಹೇಳುತ್ತಾಳೆ. ಕೇಳದೆ, ನೋಡದೆ ಅದು ತಿಳಿಯುವುದಿಲ್ಲ.

ಹೂಲಿಯ ಆಚೆಗೆ ಒಂದು ಊರು. ಹೆಸರು ಬೇಡ, ಅವರ ಮೊಮ್ಮಕ್ಕಳು ಇದ್ದಾರೆ. ಅಲ್ಲಿಯ ಶಿವಲಿಂಗಪ್ಪ ಎಂಬ ಒಕ್ಕಲಿಗನ ಹೆಂಡತಿ ಗಂಗವ್ವನಿಗೆ ವಾಂತಿ, ತೊಡೆಸಂದಿನಲ್ಲಿ ಗಂಟು ಎಂದು ಗೌಡರಿಂದ ಸುದ್ದಿ ಬಂತು. ನಾನು ಹೋದಾಗ ಆಕೆ ಒಳಮನೆಯಲ್ಲಿ ಕೌದಿ ಹೊದ್ದು ಮಲಗಿದ್ದಳು. ಪಕ್ಕದಲ್ಲಿ ಸೂಲಗಿತ್ತಿ ಫಕೀರವ್ವ ಕುಳಿತಿದ್ದಳು. ಸುತ್ತಲಿನ ನಾಲ್ಕೈದು ಊರುಗಳ ಹೆರಿಗೆ ಈಕೆಯದೇ. ಗಂಡಸು ವೈದ್ಯ ಹೆಂಗಸಿನ ಮೈ ಮುಟ್ಟುವ ಪದ್ಧತಿ ಇರಲಿಲ್ಲ. ನಾನು ಕೇಳಬೇಕು, ಫಕೀರವ್ವ ಕೌದಿಯ ಒಳಗೆ ಕೈ ಹಾಕಿ ನೋಡಿ ಹೇಳಬೇಕು.

"ಲಿಂಬಿಕಾಯಷ್ಟ ಐತ್ರಿ. ಮುಟ್ಟಿದರ ಒದರತಾಳ" ಎಂದಳು.

"ಮೈ ಬಿಸಿ ಐತೇನು?"

"ಕೌದ್ಯಾಗ ಬೆಚ್ಚಗ ಐತ್ರಿ. ನೀವ ಒಂದೀಟ ಬಂದು ನೋಡ್ರಿ."

ಅಷ್ಟರಲ್ಲಿ ಶಿವಲಿಂಗಪ್ಪ ನಿನ್ನೆ ಹಿತ್ತಲಲ್ಲಿ ಒಂದು ಇಲಿ ಸತ್ತು ಬಿದ್ದಿತ್ತು ಎಂದ. ಬೆಕ್ಕು ಹಿಡಿದದ್ದೋ ಏನೋ ಎಂದೂ ಸೇರಿಸಿದ. ನನಗೆ ಕೇಳಿಸಿದ್ದು ಇಲಿ ಎಂಬುದಷ್ಟೇ. ಹಿಂದಿನ ವಾರ ನಮ್ಮ ಜೊತೆಯ ಒಬ್ಬ ಪ್ಲೇಗಿನಲ್ಲಿ ಹೋಗಿದ್ದ. ನಾನು ಹೊಸ್ತಿಲು ದಾಟಲಿಲ್ಲ. ಜ್ವರ ಅಳೆಯುವ ಕಡ್ಡಿ ನನ್ನ ಜೇಬಿನಲ್ಲೇ ಇತ್ತು, ಅದನ್ನು ತೆಗೆಯಲಿಲ್ಲ. ಆಕೆಯನ್ನು ಕೆಮ್ಮಿಸಲಿಲ್ಲ, ಹೊರಕಡೆಗೆ ಆಗಿದೆಯೇ ಎಂದು ಕೇಳಲಿಲ್ಲ. ಅಂಗಳದಲ್ಲಿ ನಿಂತು ಪ್ಲೇಗು ಎಂದು ಚೀಟಿ ಬರೆದು ಕುದುರೆ ಹತ್ತಿದೆ. ಊರು ಹೊತ್ತು ಮುಳುಗುವುದರೊಳಗೆ ಖಾಲಿಯಾಯಿತು.

ಮರುದಿನ ಬೆಳಿಗ್ಗೆ ಫಕೀರವ್ವ ನಡೆದುಕೊಂಡು ದವಾಖಾನೆಗೆ ಬಂದಳು. ಆರು ಮೈಲಿ ದಾರಿ.

"ಸಾಹೇಬ್ರ, ಗಂಟಿನ ಬ್ಯಾನ್ಯಾಗ ಮೈ ಸುಡತೈತಿ. ಅಕಿ ಮೈ ತಣ್ಣಗ ಐತ್ರಿ. ವಾಂತೀನೂ ಬ್ಯಾರೆ ನಮೂನಿ. ಸಗಣಿ ವಾಸನಿ ಬರತೈತಿ."

ಸಗಣಿ ವಾಸನೆ ಎಂದ ಕೂಡಲೇ ನನಗೆ ತಿಳಿಯಿತು. ಕೆಳಗೆ ಹೋಗಬೇಕಾದದ್ದು ದಾರಿ ಕಟ್ಟಿ ಮೇಲೆ ಬರುತ್ತಿದೆ. ಗಂಟು ಪ್ಲೇಗಿನದಲ್ಲ, ಕರುಳು. ನಾನು ಅಂಗಳದಲ್ಲಿ ನಿಂತು ಚೀಟಿ ಬರೆದಾಗಲೇ ಅದು ಸಿಕ್ಕಿಕೊಂಡಿತ್ತು, ಅದಾಗಿ ಇಪ್ಪತ್ತು ತಾಸು ಕಳೆದಿತ್ತು.

ಧಾರವಾಡಕ್ಕೆ ಗಾಡಿಯಲ್ಲಿ ಕಳಿಸಿದರೆ ದಾರಿಯಲ್ಲೇ ಹೋಗುತ್ತಾಳೆ. ನಾನು ಅದುವರೆಗೆ ಗೋವಿಂದರಾಯರು ಪಕ್ಕದಲ್ಲಿ ಇಲ್ಲದೆ ಹೊಟ್ಟೆಯ ಹತ್ತಿರ ಚಾಕು ಇಟ್ಟವನಲ್ಲ. ಕಂಪೌಂಡರ್ ಇಮಾಮಸಾಬನಿಗೆ ಕ್ಲೋರೋಫಾರಂ ಬಾಟಲಿ ತೆಗೆದುಕೊಳ್ಳಲು ಹೇಳಿದೆ. ನನ್ನ ಧ್ವನಿ ಕೇಳಿ ಅವನು ಎರಡು ಬಾಟಲಿ ತೆಗೆದುಕೊಂಡ.

ಊರಾಚೆ ಗಂಗವ್ವನನ್ನು ಹಾಕಿದ್ದ ಗುಡಿಸಲಿನ ಮುಂದೆ ಶಿವಲಿಂಗಪ್ಪ ನಿಂತಿದ್ದ. ಅವನ ಹಿಂದೆ ದೂರದಲ್ಲಿ ಅವನ ಮನೆಯ ಮಾಳಿಗೆಯ ಮೇಲೆ ಹಾರೆಯವರು ಇನ್ನೂ ತೂತು ಹೊಡೆಯುತ್ತಿದ್ದರು.

"ಗಂಟು ಕೊಯ್ಯಬೇಕಪಾ" ಎಂದೆ. ಇದು ಪ್ಲೇಗಲ್ಲ, ಕರುಳು ಎಂಬ ಮಾತು ತುಟಿಗೆ ಬಂದು, ಮಾಳಿಗೆಯ ಸಪ್ಪಳ ಕೇಳಿ ಹಿಂದೆ ಹೋಯಿತು.

"ಕೊಯ್ದರ ಉಳೀತಾಳೇನ್ರಿ?"

"ಗೊತ್ತಿಲ್ಲ. ಕೊಯ್ಯದಿದ್ದರ ಉಳಿಯೂದಿಲ್ಲ."

"ನಿಮ್ಮ ಕೈಯಾಗ ಹಾಕೇನಿ" ಎಂದ.

ಮೂರು ಕಲ್ಲಿನ ಒಲೆಯ ಮೇಲೆ ಚಾಕು, ಸೂಜಿ, ದಾರ ಕುದಿಸಿದೆವು. ಎದೆಯ ಮಟ್ಟಕ್ಕೆ ಒಂದು ಸೀರೆ ಅಡ್ಡ ಕಟ್ಟಿದೆ. ಅದರ ಆಚೆ ಇಮಾಮಸಾಬ ಮೂಗಿನ ಮೇಲಿನ ಬಟ್ಟೆಗೆ ಔಷಧ ಹನಿಸುತ್ತಿದ್ದ, ಫಕೀರವ್ವ ಗಂಗವ್ವನ ಎರಡೂ ಕೈ ಹಿಡಿದಿದ್ದಳು. ಸೀರೆಯ ಈಚೆ ನಾನೊಬ್ಬನೇ. ಚೀಲ ಬಿಚ್ಚಿದಾಗ ಕಪ್ಪು ನೀರು ಬೋಗುಣಿಗೆ ಹರಿಯಿತು. ಒಳಗೆ ನೇರಳೆಹಣ್ಣಿನ ಬಣ್ಣದ ಕರುಳಿನ ಸಣ್ಣ ಮಡಿಕೆ ಇತ್ತು. ಅದನ್ನು ಬಿಡಿಸಲು ಒಳಮಗ್ಗುಲಿನ ಅಂಚನ್ನು ಒಂದು ಕೂದಲೆಳೆಯಷ್ಟು ಕೊಯ್ಯಬೇಕು. ಕೆಲವರಿಗೆ ಅಲ್ಲೇ ಹಿಂದೆ ಒಂದು ರಕ್ತನಾಳ ಸುತ್ತಿಕೊಂಡಿರುತ್ತದೆ, ಅದು ಕೊಯ್ದುಹೋದರೆ ಕಣ್ಣೆದುರಿಗೇ ಮುಗಿಯುತ್ತದೆ. ಬೆರಳಿಟ್ಟು ನೋಡಿದೆ, ಮಿಡಿತ ಇರಲಿಲ್ಲ. ಮಿಡಿಯುತ್ತಿರುವುದು ನನ್ನ ಬೆರಳೇ ಇರಬಹುದು ಎಂದು ಮತ್ತೆ ನೋಡಿದೆ. ಕೊಯ್ದೆ. ರಕ್ತ ಬರಲಿಲ್ಲ.

ಆಮೇಲೆ ಕಾಯುವುದು. ಕರುಳು ಸತ್ತಿದ್ದರೆ ಒಳಗೆ ಹಾಕುವಂತಿಲ್ಲ, ಬದುಕಿದ್ದರೆ ಹೊರಗೆ ಇಡುವಂತಿಲ್ಲ. ಬಿಸಿನೀರಿನ ಬಟ್ಟೆ ಮುಚ್ಚಿದೆ, ತೆಗೆದೆ, ನೋಡಿದೆ. ಅದೇ ನೇರಳೆ. ಮತ್ತೆ ಮುಚ್ಚಿದೆ. ನನ್ನ ಜೀವನದಲ್ಲಿ ಅಷ್ಟು ಉದ್ದದ ಹೊತ್ತು ಇನ್ನೊಂದಿಲ್ಲ. ಮೂರನೆಯ ಸಲ ಬಟ್ಟೆ ತೆಗೆದಾಗ ಒಂದು ಅಂಚಿನಲ್ಲಿ ಕೆಂಪು ಬಂದಿತ್ತು. ನೋಡುತ್ತಿದ್ದ ಹಾಗೆ ಕೆಂಪು ಹರಡಿತು. ಬೆರಳು ತಾಗಿಸಿದರೆ ಕರುಳು ಹುಳುವಿನ ಹಾಗೆ ಅಲುಗಾಡಿತು. ಒಳಗೆ ಸರಿಸಿ ಹೊಲಿದು ಹೊರಗೆ ಬಂದು ಜಾಲಿಯ ಮರದ ಕೆಳಗೆ ಕುಳಿತು ಅತ್ತೆ.

ಫಕೀರವ್ವ ಬೋಗುಣಿಯ ಕಪ್ಪು ನೀರನ್ನು ದೂರ ಚೆಲ್ಲಿ ಬಂದಳು. "ಹಂಗಾರ ಅದು ಗಂಟಿನ ಬ್ಯಾನೀನ. ಹೋತೇನ್ರಿ?" ಎಂದು ಕೇಳಿದಳು.

"ಹೋತು" ಎಂದೆ.

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರಲಿಲ್ಲ. ಇಮಾಮಸಾಬ ಪೆನ್ನು ಹಿಡಿದು, "ಪುಸ್ತಕದಾಗ ಏನ ಬರೀಲ್ರಿ?" ಎಂದಾಗ, ನಾಳೆ ನೋಡೋಣ ಎಂದೆ. ನಾಲ್ಕು ದಿನಕ್ಕೆ, ಆಗ ಪ್ಲೇಗಿನ ಕೆಲಸದ ಮೇಲ್ವಿಚಾರಣೆ ಹೊತ್ತಿದ್ದ ಗೋವಿಂದರಾಯರೇ ತಪಾಸಣೆಗೆ ಬಂದರು. ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಹೊಲಿಗೆ ನೋಡಿದರು, ನನ್ನನ್ನು ನೋಡಿದರು.

"ಛಲೋ ಮಾಡೀದಿ. ಆದರ ಚೀಟಿ ತಪ್ಪಂತ ಈಗ ಹೇಳಬ್ಯಾಡ. ಊರು ಹೊರಗ ಬಂದೈತಿ, ಇರಲಿ. ನೀ ಬರದದ್ದು ತಪ್ಪಂತ ಗೊತ್ತಾದರ ನಾಳೆ ಖರೇ ಬ್ಯಾನಿ ಬಂದಾಗ ಒಬ್ಬರೂ ಮನಿ ಬಿಡೂದಿಲ್ಲ."

ಮಾತು ಬುದ್ಧಿವಂತಿಕೆಯದೇ. ಅವರನ್ನು ದೂಷಿಸಲಾರೆ. ನನಗೆ ಬೇಕಾದದ್ದೂ ಅದೇ ಆಗಿತ್ತು, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಪುಸ್ತಕದಲ್ಲಿ ಪ್ಲೇಗು ಎಂದೇ ಉಳಿಯಿತು. ಗಂಗವ್ವ ಎದ್ದು ಓಡಾಡಿದಳು. ಒಂದು ತಿಂಗಳಿಗೆ ಜನ ಊರಿಗೆ ಮರಳಿದರು.

ಅದರ ಮುಂದಿನ ತಿಂಗಳು ನಿಜವಾದ ಪ್ಲೇಗು ಬಂತು. ಈ ಸಲ ಇಲಿಗಳು ಹತ್ತಿಪ್ಪತ್ತು ಬಿದ್ದವು. ಆದರೆ ಊರು ಅರ್ಧ ಮಾತ್ರ ಹೊರಗೆ ಹೋಯಿತು, ಉಳಿದವರು ಕದಲಲಿಲ್ಲ. ಫಕೀರವ್ವ ಒಬ್ಬಳೇ ಮನೆಯಿಂದ ಮನೆಗೆ ಹೋಗಿ ರೋಗಿಗಳಿಗೆ ಗಂಜಿ ಕುಡಿಸುತ್ತಿದ್ದಾಳೆ ಎಂದು ಕೇಳಿದೆ. ಎಂಥ ಧೈರ್ಯದ ಹೆಂಗಸು ಎಂದು ನಾಲ್ಕು ಜನರ ಮುಂದೆ ಹೊಗಳಿದೆ ಕೂಡ. ಆ ಧೈರ್ಯ ಎಲ್ಲಿಂದ ಬಂತು ಎಂದು ನಾನು ಯೋಚಿಸಲಿಲ್ಲ. ರೋಗವನ್ನು ತರುವುದು ಇಲಿಯ ಚಿಗಟ ಎಂಬುದು ಆಗ ನಮಗೂ ಸರಿಯಾಗಿ ತಿಳಿಯದು. ಇಲಿ ಬಿದ್ದ ಮನೆಯಲ್ಲಿ ಇರಬಾರದು ಎಂಬಷ್ಟು ಗೊತ್ತಿತ್ತು.

ಒಂದು ಮುಂಜಾನೆ ಆಕೆಯನ್ನು ಗಾಡಿಯಲ್ಲಿ ಹಾಕಿಕೊಂಡು ತಂದರು. ಮೈ ಕೆಂಡದಂತೆ ಸುಡುತ್ತಿತ್ತು, ಕಣ್ಣು ಕೆಂಪಗೆ. ತೊಡೆಸಂದಿನಲ್ಲಿ ಗಂಟು. ಈ ಸಲ ನಾನೇ ಮುಟ್ಟಿ ನೋಡಿದೆ, ಕಡ್ಡಿಯನ್ನೂ ಇಟ್ಟೆ. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಆಕೆ ನನ್ನನ್ನು ನೋಡಿ ನಕ್ಕಳು. "ಲಗೂನ ಕೊಯ್ರಿ ಸಾಹೇಬ್ರ. ಗಂಗವ್ವಗ ಕೊಯ್ದಂಗ. ನಾ ಅಂಜೂದಿಲ್ಲ, ಕೈ ಹಿಡಿಯಾಕ ಯಾರೂ ಬ್ಯಾಡ."

ನಾನು ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಹೇಳದೆ ಉಪಾಯವಿರಲಿಲ್ಲ. "ಫಕೀರವ್ವ, ಗಂಗವ್ವಗ ಗಂಟಿನ ಬ್ಯಾನಿ ಇರಲಿಲ್ಲ. ಅದು ಕರುಳು. ಸಂದ್ಯಾಗ ಸಿಕ್ಕೊಂಡಿತ್ತು. ಚೀಟಿ ನಾನು ತಪ್ಪು ಬರದಿದ್ದೆ. ಇದನ್ನ ಕೊಯ್ದರ ಉಪಯೋಗ ಇಲ್ಲ."



"ಅಕಿ ಬ್ಯಾನಿ ಮುಟ್ಟಿದರೂ ನನಗೇನೂ ಆಗಲಿಲ್ಲ ಅಂತ ತಿಳಿದಿದ್ದೆ" ಎಂದಳು. "ಹಂಗಾರ ನಾ ಧೈರ್ಯದಾಕಿ ಅಲ್ರಿ. ಏನೂ ತಿಳೀದ ಮಳ್ಳಿ."

ನಾನು ಏನೋ ಹೇಳಲು ಹೋದೆ. ಆಕೆ ಕೈ ಎತ್ತಿ ತಡೆದಳು.

"ಅದು ಇರಲಿ. ನಾಕ ಮನ್ಯಾಗ ನಾ ಹೇಳೇನಿ, ಸಾಹೇಬ್ರು ಕೊಯ್ದರ ಉಳೀತೀರಿ, ಮನಿ ಬಿಡಬ್ಯಾಡ್ರಿ ಅಂತ. ಕೂಸುಗೋಳು ಅದಾವು ಆ ಮನ್ಯಾಗ. ನೀವ ಹೋಗ್ರಿ. ನಾ ಹೇಳಿದರ ಈಗ ಯಾರ ಕೇಳತಾರ? ನೀವ ಹೋಗಿ ಹೇಳ್ರಿ." ನಾಲ್ಕು ಮನೆಗಳ ಹೆಸರು ಹೇಳಿದಳು. ನಾಲ್ಕನೆಯದು ಗಂಗವ್ವನ ಮನೆ.

ಇಮಾಮಸಾಬನನ್ನು ಆಕೆಯ ಹತ್ತಿರ ಬಿಟ್ಟು ನಾನು ಕುದುರೆ ಹತ್ತಿದೆ. ಆರು ಮೈಲಿಯೂ ನನಗೆ ಹೆದರಿಕೆಯೇ, ಪ್ಲೇಗಿನದಲ್ಲ, ಬಾಯಿ ಬಿಟ್ಟು ಹೇಳಬೇಕಾದ ಮಾತಿನದು. ಮೊದಲ ಮನೆಯಲ್ಲಿ ಒಬ್ಬ ಮುದುಕ ನನ್ನ ಮೇಲೆ ಕೋಲು ಎತ್ತಿದ. ಎರಡನೆಯ ಮನೆಯವರು ಕೂಡಲೇ ಗಂಟುಮೂಟೆ ಕಟ್ಟಿದರು. ಮೂರನೆಯ ಮನೆಯಲ್ಲಿ ಹೇಳುವುದಕ್ಕೆ ಯಾರೂ ಉಳಿದಿರಲಿಲ್ಲ.

ಗಂಗವ್ವ ಬಾಗಿಲಲ್ಲೇ ಸಿಕ್ಕಳು. ಮಾಳಿಗೆಯ ತೂತಿನಿಂದ ಬಿದ್ದ ಬಿಸಿಲಲ್ಲಿ, ಒಳಗೆ, ಅವಳ ಎರಡು ಮಕ್ಕಳು ಆಡುತ್ತಿದ್ದವು.

"ನನಗೊಮ್ಮಿ ಬಂದು ಹೋಗೇತ್ರಿ, ಮತ್ತ ಬರೂದಿಲ್ಲ" ಎಂದು ನಗುತ್ತ ಚಾಪೆ ಹಾಸಲು ಹೋದಳು.

ನಿಂತೇ ಎಲ್ಲವನ್ನೂ ಹೇಳಿದೆ. ಅವಳು ಚಿಕ್ಕ ಕೂಸನ್ನು ಸೊಂಟಕ್ಕೆ ಎತ್ತಿಕೊಂಡಳು, ದೊಡ್ಡದರ ಕೈ ಹಿಡಿದಳು. ಒಲೆಯ ಮೇಲಿನ ಗಡಿಗೆಯನ್ನೂ ಇಳಿಸಲಿಲ್ಲ. ಹೊಸ್ತಿಲು ದಾಟಿ ಅಂಗಳಕ್ಕೆ ಬಂದ ಮೇಲೆ ಕೇಳಿದಳು:

"ಫಕೀರವ್ವಗ ಹೇಳೀರೇನ್ರಿ?"

"ಹೇಳೇನಿ."

"ಏನಂದಳು?"

"ನಾ ಧೈರ್ಯದಾಕಿ ಅಲ್ಲ, ಮಳ್ಳಿ, ಅಂದಳು."

ಗಂಗವ್ವ ಕೂಸನ್ನು ಮೇಲಕ್ಕೆ ಸರಿಸಿಕೊಂಡು ಹೊಲದ ದಾರಿ ಹಿಡಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ಮಳ್ಳಿ ಅಲ್ರಿ ಅಕಿ" ಎಂದಳು. "ನಿಮ್ಮನ್ನ ನಂಬಿದಾಕಿ."